ತೋಪು ಎಳೆದ ಎತ್ತುಗಳಿಗೆ ಈಗ ಕಾವಲೇ ಇಲ್ಲ

ಯುದ್ಧವೆಂದೊಡನೆ ನೆನಪಾಗುವುದು ಆನೆ, ಕುದುರೆ. ಆದರೆ 18ನೇ ಶತಮಾನದ ಮೈಸೂರು ಸೇನೆಯಲ್ಲಿ ತೋಪು, ಮದ್ದುಗುಂಡು, ದವಸಗಳ ಹೊರೆ ಹೊತ್ತದ್ದು ಅಮೃತಮಹಲ್ ಎತ್ತುಗಳು.

ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಅರಮನೆಗೆ ಹಾಲು-ಬೆಣ್ಣೆ ಒದಗಿಸುತ್ತಿದ್ದ 'ಬೆಣ್ಣೆ ಚಾವಡಿ'ಯೇ ಇದರ ಮೂಲ. ಹೈದರ್ ಅಲಿ ಈ ರಾಸುಗಳನ್ನು ಸೇನೆಗೆ ಬಳಸಿದ. ಟಿಪ್ಪು ಸುಲ್ತಾನ್ ಇಲಾಖೆಗೆ 'ಅಮೃತಮಹಲ್' ಎಂದು ಹೆಸರಿಟ್ಟ. ಮೇವಿಗೆಂದು ವಿಶಾಲ ಹುಲ್ಲುಗಾವಲುಗಳನ್ನು ಕಾಯ್ದಿರಿಸಲಾಯಿತು. ಅವೇ ಅಮೃತಮಹಲ್ ಕಾವಲುಗಳು. ಬಯಲಿನಲ್ಲೇ ಅಲೆದು ಬೆಳೆದ ಈ ಎತ್ತುಗಳು ಚುರುಕು ನಡಿಗೆಗೂ ತಾಳಿಕೆಗೂ ಹೆಸರಾದವು. ಚಿದಂಬರದ ರಕ್ಷಣೆಗೆ ಹೈದರನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ಕ್ರಮಿಸಿದ್ದು ಇವುಗಳ ಬಲದಿಂದಲೇ ಎನ್ನುತ್ತವೆ ಗೆಜೆಟಿಯರ್‌ಗಳು.

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡಾಗ ಈ ರಾಸುಗಳು ಬ್ರಿಟಿಷರ ಪಾಲಾದವು. ವೆಚ್ಚ ತಗ್ಗಿಸಲು 1860ರಲ್ಲಿ ಅವರು ಹಿಂಡುಗಳನ್ನು ಮಾರಿಬಿಟ್ಟರು. ಆದರೆ ಸೇನೆಗೆ ಒಳ್ಳೆಯ ಎತ್ತುಗಳ ಅಭಾವ ತಲೆದೋರಿತು. 1866ರಲ್ಲಿ ಮತ್ತೆ ತಳಿ ಸಂವರ್ಧನೆ ಆರಂಭಿಸಬೇಕಾಯಿತು.

ಮೋಟಾರು ವಾಹನಗಳು ಬಂದ ಮೇಲೆ ಸೇನೆಗೆ ಎತ್ತು ಬೇಡವಾಯಿತು. ಕಾವಲುಗಳು ಒಂದೊಂದಾಗಿ ಅನ್ಯ ಉದ್ದೇಶಗಳಿಗೆ ಹಂಚಿಹೋದವು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಸುಮಾರು 10 ಸಾವಿರ ಎಕರೆ ಕಾವಲು ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2017ರಲ್ಲಿ ಅಲ್ಲಿ ಮಾನವರಹಿತ ವಿಮಾನಗಳ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. ಒಂದು ಕಾಲದ ಯುದ್ಧಬಲವನ್ನು ಪೋಷಿಸಿದ ನೆಲ ಇಂದಿನ ಯುದ್ಧಬಲಕ್ಕೆ ಸಂದಿದೆ.

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಕೇಂದ್ರದಲ್ಲಿ ತಳಿ ಉಳಿಸುವ ಕಾರ್ಯ ನಡೆದಿದೆ. ಆದರೆ ಈ ತಳಿಯನ್ನು ರೂಪಿಸಿದ್ದು ಕೊಟ್ಟಿಗೆಯಲ್ಲ, ಕಾವಲು. ಕಾವಲು ಉಳಿಯದೆ ತಳಿ ಉಳಿಯುವುದು ಕಷ್ಟ.