ಆರ್ನ್‌ಹೆಮ್‌ನ ಮರದಡಿಯ ಟ್ಯಾಂಕುಗಳು

‘ಗಾಂಧಿ’ ಚಿತ್ರ ತೆಗೆಯುವ ಮೊದಲು, 1977ರಲ್ಲಿ, ರಿಚರ್ಡ್ ಅಟೆನ್‌ಬರೋ ‘ಎ ಬ್ರಿಜ್ ಟೂ ಫಾರ್’ ಎಂಬ ಯುದ್ಧಚಿತ್ರ ನಿರ್ದೇಶಿಸಿದ್ದರು. ಅದರಲ್ಲಿ ಕಿರಿಯ ಬೇಹು ಅಧಿಕಾರಿಯೊಬ್ಬ ಬ್ರಿಟಿಷ್ ಜನರಲ್ ಬ್ರೌನಿಂಗ್ ಮುಂದೆ ವೈಮಾನಿಕ ಫೋಟೊಗಳನ್ನು ಇಡುತ್ತಾನೆ. ಮರಗಳ ಮರೆಯಲ್ಲಿ ಜರ್ಮನ್ ಟ್ಯಾಂಕುಗಳು. ಜನರಲ್ ಕಿವಿಗೊಡುವುದಿಲ್ಲ. ದಣಿದಿದ್ದೀಯ, ವಿಶ್ರಾಂತಿ ತೆಗೆದುಕೋ ಎಂದು ಆತನನ್ನೇ ಸಾಗಹಾಕುತ್ತಾರೆ.

ಚಿತ್ರದಲ್ಲಿ ಹೆಸರು ಬೇರೆ. ನಿಜದಲ್ಲಿ ಆ ಅಧಿಕಾರಿ ಬ್ರಯನ್ ಅರ್ಕರ್ಟ್. ಮುಂದೆ ವಿಶ್ವಸಂಸ್ಥೆಯಲ್ಲಿ ದೊಡ್ಡ ಹುದ್ದೆಗೇರಿ, 2021ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡವರು. ಚಿತ್ರ ಹೇಳುವ ಕಾಳಗ ಇದು: 1944ರ ಸೆಪ್ಟೆಂಬರ್ 17ರಂದು ಮಿತ್ರಪಡೆಗಳು ನೆದರ್ಲೆಂಡ್ಸ್‌ನ ಸೇತುವೆಗಳನ್ನು ಹಿಡಿಯಲು ಆಕಾಶದಿಂದ ಸೈನಿಕರನ್ನು ಇಳಿಸಿದವು. ಆ ಸೇತುವೆಗಳಲ್ಲೊಂದಿದ್ದ ಆರ್ನ್‌ಹೆಮ್ ನಗರದ ಕಡೆಗೆ ಹೋದವರು ಹತ್ತು ಸಾವಿರದಷ್ಟು. ವಾರ ಕಳೆದ ಮೇಲೆ ರೈನ್ ನದಿ ದಾಟಿ ಹಿಂದಿರುಗಿದವರು ಎರಡು ಸಾವಿರ ಚಿಲ್ಲರೆ. ಫೋಟೊ ಕಣ್ಣೆದುರಿಗಿದ್ದರೂ ಜನರಲ್ ಕುರುಡರಾದರು ಎಂಬುದು ಈ ಸೋಲಿಗೆ ಎಲ್ಲರೂ ಒಪ್ಪಿದ ವಿವರಣೆಯಾಯಿತು. ವಿಚಿತ್ರವೆಂದರೆ, ಹಾಗೆ ಬರೆದವರು ಯಾರೂ ಆ ಫೋಟೊ ನೋಡಿರಲಿಲ್ಲ. ಅದು ಎಲ್ಲಿದೆಯೆಂದೇ ಗೊತ್ತಿರಲಿಲ್ಲ.

ಆಕಾಶದ ಫೋಟೊ ನಂಬಿ ಕಾಳಗ ಯೋಜಿಸುವ ರೂಢಿ ಅಷ್ಟರಲ್ಲಿ ಮೂವತ್ತು ವರ್ಷ ಹಳೆಯದಾಗಿತ್ತು. 1915ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ನವ್ ಶಪೆಲ್‌ನಲ್ಲಿ ಜರ್ಮನ್ ಕಂದಕಗಳನ್ನು ವಿಮಾನದಿಂದ ಚಿತ್ರಿಸಿ, ನಕ್ಷೆ ಮಾಡಿ ಹಂಚಲಾಗಿತ್ತು. ಆ ನಕ್ಷೆಗಳ ಮೇಲೆ ನಡೆದ ದಾಳಿಯಲ್ಲಿ ಮುನ್ನುಗ್ಗಿದವರಲ್ಲಿ ಮೀರತ್ ಡಿವಿಷನ್ನಿನ ಭಾರತೀಯ ಸಿಪಾಯಿಗಳೂ ಇದ್ದರು. ಅಲ್ಲಿ ಈಗ ಅವರ ಸ್ಮಾರಕವಿದೆ. ನಕ್ಷೆ ಸರಿಯಾಗಿದ್ದರೂ ಸಾವು ಕಡಿಮೆಯೇನೂ ಆಗಲಿಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ಫೋಟೊ ಓದುವುದೇ ಒಂದು ವೃತ್ತಿಯಾಯಿತು. ಬ್ರಿಟನ್ನಿನ ಮೆಡ್‌ಮೆನ್‌ಹ್ಯಾಮ್‌ನ ಬಂಗಲೆಯಲ್ಲಿ ಭೂಗರ್ಭಶಾಸ್ತ್ರಜ್ಞರು, ಪುರಾತತ್ವದವರು ಮೇಜಿಗಂಟಿ ಕೂತಿದ್ದರು. ಚರ್ಚಿಲ್ ಮಗಳು ಸಾರಾ ಕೂಡ ಅವರಲ್ಲೊಬ್ಬಳು. ಗನ್ನು ಕಳಚಿ ಹಗುರಾಗಿಸಿದ ಸ್ಪಿಟ್‌ಫೈರ್ ಒಂದೇ ಸಾಲಿನಲ್ಲಿ ಹಾರುತ್ತ, ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಕವಿಯುವಂತೆ ಫೋಟೊಗಳನ್ನು ತೆಗೆಯುತ್ತಿತ್ತು. ಅಕ್ಕಪಕ್ಕದ ಎರಡನ್ನು ಸ್ಟೀರಿಯೊಸ್ಕೋಪಿನಡಿ ಇಟ್ಟರೆ ಚಪ್ಪಟೆ ನೆಲದಿಂದ ಮನೆ, ಮರ, ಗೋಪುರ ಎದ್ದು ನಿಲ್ಲುತ್ತವೆ. ನೆರಳಿನ ಉದ್ದದಿಂದ ಎತ್ತರ ತಿಳಿಯುತ್ತದೆ. ಹುಲ್ಲಿನ ಮೇಲಿನ ಗಾಲಿಗುರುತಿನಿಂದ ಬಂದುಹೋದವರು ಯಾರೆಂದು ತಿಳಿಯುತ್ತದೆ. ಜರ್ಮನಿಯ ಪೀನಮುಂಡೆಯಲ್ಲಿ ಹಿಟ್ಲರನ ಹಾರುಬಾಂಬಿನ ಗುರುತು ಹಿಡಿದದ್ದು ಹೀಗೆಯೇ, ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಹೆಣ್ಣುಮಗಳು.

ಯುದ್ಧ ಮುಗಿದ ಮೇಲೆ ಈ ಲಕ್ಷಾಂತರ ಹಾಳೆಗಳು ಬೇರೆ ಬೇರೆ ದೇಶಗಳ ಉಗ್ರಾಣ ಸೇರಿದವು. ಬ್ರಿಟನ್ನಿನ ದೊಡ್ಡ ಪಾಲು ಕೀಲ್ ವಿಶ್ವವಿದ್ಯಾಲಯದಲ್ಲಿದ್ದು, 2008ರಲ್ಲಿ ಎಡಿನ್‌ಬರಾಕ್ಕೆ ಬಂತು. ಅವುಗಳನ್ನು ಕೇಳಿಕೊಂಡು ಬಂದವರು ಇತಿಹಾಸಕಾರರಷ್ಟೇ ಅಲ್ಲ. ಜರ್ಮನಿಯಲ್ಲಿ ಪಾಯ ತೋಡುವ ಮೊದಲು, ಸಿಡಿಯದೆ ಹೂತುಹೋದ ಬಾಂಬು ಎಲ್ಲಿದೆ ಎಂದು ನೋಡಲು ಇವೇ ಬೇಕು. ಸಿಡಿದದ್ದು ಅಗಲ ಕುಳಿ ಮಾಡಿರುತ್ತದೆ. ಸಿಡಿಯದ್ದು ಬರೀ ಒಂದು ತೂತು.

ಅರ್ಕರ್ಟ್ ಹೇಳಿದ ಫೋಟೊ ಸಿಕ್ಕಿದ್ದು ನೆದರ್ಲೆಂಡ್ಸ್‌ನ ಸಂಗ್ರಹದಲ್ಲಿ, ಯುದ್ಧ ಮುಗಿದು ದಶಕಗಳೇ ಕಳೆದ ಮೇಲೆ. ಬ್ರಿಟಿಷ್ ವಾಯುಪಡೆಯ ಇತಿಹಾಸ ವಿಭಾಗದ ಸೆಬಾಸ್ಟಿಯನ್ ರಿಚಿ ಅದನ್ನು ಹೊಸದಾಗಿ ಓದಿದರು. ತೆಗೆದದ್ದು ಸೆಪ್ಟೆಂಬರ್ 12ರಂದು. ಟ್ಯಾಂಕುಗಳು ಇರುವುದು ನಿಜ. ಆದರೆ ಅವು ಪ್ಯಾಂಜರ್ 3 ಮತ್ತು 4ರ ಹಳೆಯ ಮಾದರಿಗಳು, ತರಬೇತಿ ಪಡೆಯೊಂದಕ್ಕೆ ಸೇರಿದಂಥವು. ದಾಳಿಯ ದಿನ ಅವು ಆರ್ನ್‌ಹೆಮ್‌ನಲ್ಲಿರಲೇ ಇಲ್ಲ. ದೂರ ದಕ್ಷಿಣಕ್ಕೆ, ಅಮೆರಿಕನ್ನರು ಇಳಿದ ಕಡೆ ಇದ್ದವು.

ಹಾಗಾದರೆ ಬ್ರೌನಿಂಗ್ ಸರಿಯೇ? 1965ರಲ್ಲೇ ತೀರಿಕೊಂಡ ಅವರಿಗೆ ಸಿನಿಮಾಕ್ಕೆ ಉತ್ತರ ಕೊಡುವ ಅವಕಾಶವಿರಲಿಲ್ಲ, ಅಷ್ಟು ಅನ್ಯಾಯ ಆದದ್ದು ಹೌದು. ಆದರೆ ಒಂದು ಫೋಟೊದ ಸಾಕ್ಷಿ ಬಿದ್ದುಹೋದ ಮಾತ್ರಕ್ಕೆ ಪೂರಾ ಖುಲಾಸೆ ಕೊಡಲು ನನಗೆ ಮನಸ್ಸಿಲ್ಲ. ನಾಜಿಗಳ ಎಸ್‌ಎಸ್ ಪಡೆಯ 9 ಮತ್ತು 10ನೇ ಪ್ಯಾಂಜರ್ ಡಿವಿಷನ್‌ಗಳು ಅದೇ ಪ್ರದೇಶದಲ್ಲಿ ಬೀಡುಬಿಟ್ಟಿದ್ದವು. ಡಚ್ ಭೂಗತ ಹೋರಾಟಗಾರರೂ, ಭೇದಿಸಿದ ಜರ್ಮನ್ ಸಂಕೇತಗಳೂ ಆ ಸುಳಿವು ಕೊಟ್ಟಿದ್ದವು. ಬ್ರಿಟಿಷರನ್ನು ಮುರಿದದ್ದು ಅವೇ ಪಡೆಗಳು.