ಅಗ್ಗವಾದ ಎಣ್ಣೆ ಎಲ್ಲಿ ಹೋಯಿತು?

೨೦೨೦ನೆಯ ಇಸವಿ ಏಪ್ರಿಲ್ ೨೦ರಂದು ನ್ಯೂಯಾರ್ಕಿನ ಪೇಟೆಯಲ್ಲಿ ಅದುವರೆಗೆ ಯಾರೂ ಕಂಡು ಕೇಳಿರದ ವ್ಯಾಪಾರವೊಂದು ನಡೆಯಿತು. ಕಚ್ಚಾ ಎಣ್ಣೆಯನ್ನು ಕೊಳ್ಳುವವನು ಹಣ ಕೊಡಬೇಕಾಗಿರಲಿಲ್ಲ. ಮಾರುವವನೇ ಪೀಪಾಯಿಯೊಂದಕ್ಕೆ ೩೭ ಡಾಲರು ೬೩ ಸೆಂಟುಗಳನ್ನು ಎದುರು ಕೊಟ್ಟು ಸಾಗಹಾಕುವಂತಾಗಿತ್ತು. ಕೊರೋನಾ ಪಿಡುಗಿಗೆ ಅಂಜಿ ಲೋಕವೆಲ್ಲ ಮನೆಯೊಳಗೆ ಕುಳಿತಿತ್ತು. ವಿಮಾನಗಳು ನೆಲಬಿಟ್ಟು ಏಳಲಿಲ್ಲ. ಎಣ್ಣೆಯ ತೊಟ್ಟಿಗಳೆಲ್ಲ ತುಂಬಿಹೋಗಿದ್ದವು. ಮುಂದಿನ ತಿಂಗಳು ಬಂದು ಬೀಳಲಿದ್ದ ಎಣ್ಣೆಯನ್ನು ಇಡುವುದಕ್ಕೆ ಸ್ಥಳವೇ ಇಲ್ಲದೆ ವ್ಯಾಪಾರಿಗಳು ಕಂಗಾಲಾಗಿದ್ದರು.

ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಸ್ಕೂಟರಿನ ಒಡೆಯರಿಗೂ, ಆಟೋ ಓಡಿಸಿ ಸಂಸಾರ ಸಾಗಿಸುವವರಿಗೂ ಆಸೆಯೊಂದು ಹುಟ್ಟಿದ್ದರೆ ಅದು ಸಹಜವೇ: ಇನ್ನಾದರೂ ಪೆಟ್ರೋಲು ಸೋವಿಯಾದೀತು! ಭಾರತ ಕೊಳ್ಳುವ ಎಣ್ಣೆ ಅಮೆರಿಕದ ಆ ಎಣ್ಣೆಯಲ್ಲ, ನಿಜ. ಆದರೆ ನಮ್ಮ ಶುದ್ಧೀಕರಣ ಕೇಂದ್ರಗಳು ಕೊಳ್ಳುವ ಎಣ್ಣೆಯ ಸರಾಸರಿ ಬೆಲೆಯೂ ಆ ತಿಂಗಳು ಪೀಪಾಯಿಗೆ ೨೦ ಡಾಲರಿಗಿಂತ ಕೆಳಗೆ ಇಳಿದಿತ್ತು. ಪೀಪಾಯಿಯೆಂದರೆ ೧೫೯ ಲೀಟರು. ಲೆಕ್ಕ ಹಾಕಿದರೆ ಲೀಟರಿಗೆ ಒಂಬತ್ತೂವರೆ ರೂಪಾಯಿ. ಬಾಟಲಿಯಲ್ಲಿ ಮಾರುವ ಕುಡಿಯುವ ನೀರಿಗಿಂತಲೂ ಅಗ್ಗ.

ಹಾಗಾದರೆ ಬಂಕಿನಲ್ಲಿ ಏನಾಯಿತು? ಮೇ ೬ರಂದು ದೆಹಲಿಯಲ್ಲಿ ಪೆಟ್ರೋಲಿನ ಬೆಲೆ ಲೀಟರಿಗೆ ೭೧ ರೂಪಾಯಿ ೨೬ ಪೈಸೆ. ಎಣ್ಣೆ ಕಂಪನಿ ಬಂಕಿನವರಿಗೆ ಅದನ್ನು ಮಾರಿದ್ದು, ಸಾಗಣೆಯೂ ಸೇರಿ, ೧೮ ರೂಪಾಯಿ ೨೮ ಪೈಸೆಗೆ. ಬಂಕಿನವರ ಕಮಿಷನ್ ೩ ರೂಪಾಯಿ ೫೬ ಪೈಸೆ. ಉಳಿದುದರಲ್ಲಿ ೩೨ ರೂಪಾಯಿ ೯೮ ಪೈಸೆ ಕೇಂದ್ರ ಸರ್ಕಾರದ ಅಬಕಾರಿ ಸುಂಕ. ೧೬ ರೂಪಾಯಿ ೪೪ ಪೈಸೆ ದೆಹಲಿ ಸರ್ಕಾರದ ತೆರಿಗೆ. ಗ್ರಾಹಕ ಕೊಟ್ಟ ನೂರು ರೂಪಾಯಿಯಲ್ಲಿ ಅರವತ್ತೊಂಬತ್ತು ರೂಪಾಯಿ ಎರಡು ಬೊಕ್ಕಸಗಳಿಗೆ ಸಂದಿತ್ತು.

ಸ್ವಾರಸ್ಯವಿರುವುದು ಈ ಅಬಕಾರಿ ಸುಂಕದಲ್ಲಿ. ಹಿಂದಿನ ದಿನ ರಾತ್ರಿಯಷ್ಟೆ ಕೇಂದ್ರವು ಪೆಟ್ರೋಲಿಗೆ ೧೦ ರೂಪಾಯಿ, ಡೀಸೆಲಿಗೆ ೧೩ ರೂಪಾಯಿ ಸುಂಕವನ್ನು ಏರಿಸಿತ್ತು. ಆದರೆ ಬಂಕಿನ ಫಲಕದ ಮೇಲೆ ಆ ಹತ್ತು ರೂಪಾಯಿ ಕಾಣಿಸಲೇ ಇಲ್ಲ. ಕಚ್ಚಾ ಎಣ್ಣೆ ಇಳಿದುದರಿಂದ ಗ್ರಾಹಕನಿಗೆ ಉಳಿಯಬೇಕಾಗಿದ್ದ ಹಣವನ್ನು ಸುಂಕವು ದಾರಿಯಲ್ಲಿಯೇ ನುಂಗಿಕೊಂಡಿತ್ತು. ಏರಿದ ಬೆಲೆಯಾದರೆ ಜನ ಗೊಣಗುತ್ತಾರೆ. ಇಳಿಯದೆ ಹೋದ ಬೆಲೆಗೆ ಗೊಣಗುವವರು ಕಡಮೆ.

ಇದು ಒಂದೇ ಸಲ ನಡೆದ ಮಾತಲ್ಲ. ೨೦೧೪ರ ನಡುಭಾಗದಲ್ಲಿ ನೂರು ಡಾಲರಿಗೂ ಮೇಲಿದ್ದ ಕಚ್ಚಾ ಎಣ್ಣೆ ೨೦೧೬ರ ಜನವರಿಯ ಹೊತ್ತಿಗೆ ಮೂವತ್ತಕ್ಕೂ ಕೆಳಗೆ ಜಾರಿತು. ಆ ಅವಧಿಯೊಳಗಿನ ಹದಿನೈದು ತಿಂಗಳಲ್ಲಿ ಸುಂಕವು ಒಂಬತ್ತು ಬಾರಿ ಏರಿ ಪೆಟ್ರೋಲಿನ ಮೇಲೆ ೧೧ ರೂಪಾಯಿ ೭೭ ಪೈಸೆ, ಡೀಸೆಲಿನ ಮೇಲೆ ೧೩ ರೂಪಾಯಿ ೪೭ ಪೈಸೆ ಹೆಚ್ಚಾಯಿತು. ೨೦೨೫ರ ಏಪ್ರಿಲಿನಲ್ಲಿ ಎಣ್ಣೆ ಮತ್ತೆ ಕುಸಿದಾಗ ಎರಡು ರೂಪಾಯಿ ಸುಂಕ ಹೆಚ್ಚಿತು; ಬಂಕಿನ ಬೆಲೆ ಮಾತ್ರ ಇದ್ದಲ್ಲಿಯೇ ನಿಂತಿತು.

ಹಳ್ಳಿಯ ಕೆರೆಯನ್ನು ಬಲ್ಲವರಿಗೆ ಈ ವ್ಯವಸ್ಥೆ ಸುಲಭವಾಗಿ ತಿಳಿಯುತ್ತದೆ. ಮಳೆ ಎಷ್ಟು ಬಿದ್ದಿತೆಂಬುದು ಆಕಾಶದ ಇಚ್ಛೆ. ಗದ್ದೆಗೆ ಎಷ್ಟು ನೀರು ಹರಿಯಿತೆಂಬುದು ತೂಬಿನ ಬಳಿ ನಿಂತ ನೀರುಗಂಟಿಯ ಕೈಯಲ್ಲಿದೆ. ನ್ಯಾಯವಾಗಿ ಹೇಳುವುದಾದರೆ, ತೂಬು ಎತ್ತಿದ ದಿನಗಳೂ ಉಂಟು. ೨೦೨೧ರ ನವೆಂಬರಿನಲ್ಲಿ ಕೇಂದ್ರವು ಪೆಟ್ರೋಲಿನ ಸುಂಕವನ್ನು ೫ ರೂಪಾಯಿ ಇಳಿಸಿತು. ಕರ್ನಾಟಕವೂ ಅದರ ಜೊತೆಗೆ ೭ ರೂಪಾಯಿ ಬಿಟ್ಟಿತು. ಯುಕ್ರೇನಿನ ಯುದ್ಧದಿಂದ ಎಣ್ಣೆ ನೂರು ಡಾಲರು ದಾಟಿದ್ದ ೨೦೨೨ರ ಮೇ ತಿಂಗಳಲ್ಲಿ ಕೇಂದ್ರ ಮತ್ತೆ ೮ ರೂಪಾಯಿ ತಗ್ಗಿಸಿತು.

ಕಾನೂನಿನ ಪ್ರಕಾರ ಪೆಟ್ರೋಲಿನ ಬೆಲೆಗೆ ಸರ್ಕಾರದ ಹಂಗಿಲ್ಲ. ೨೦೧೦ರ ಜೂನಿನಲ್ಲಿ ಪೆಟ್ರೋಲನ್ನೂ, ೨೦೧೪ರ ಅಕ್ಟೋಬರಿನಲ್ಲಿ ಡೀಸೆಲನ್ನೂ ಪೇಟೆಗೆ ಬಿಟ್ಟುಕೊಡಲಾಯಿತು. ೨೦೧೭ರ ಜೂನ್ ೧೬ರಿಂದ ದೇಶದಾದ್ಯಂತ ದಿನವೂ ಬೆಳಗ್ಗೆ ಆರು ಗಂಟೆಗೆ ಹೊಸ ಬೆಲೆ ಎಂಬ ಪದ್ಧತಿ ಬಂದಿತು. ಪೈಸೆಗಳ ಲೆಕ್ಕದಲ್ಲಿ ಏರುವುದು, ಪೈಸೆಗಳ ಲೆಕ್ಕದಲ್ಲಿ ಇಳಿಯುವುದು; ಯಾರಿಗೂ ಒಮ್ಮೆಗೇ ಪೆಟ್ಟು ಬೀಳದು ಎಂಬುದು ಅದರ ಉದ್ದೇಶ.

ಆದರೆ ೨೦೧೮ರ ಏಪ್ರಿಲ್ ೨೪ರಿಂದ ಹತ್ತೊಂಬತ್ತು ದಿನಗಳ ಕಾಲ ದಿನವೂ ಬದಲಾಗಬೇಕಾಗಿದ್ದ ಬೆಲೆ ಒಂದು ಪೈಸೆಯಷ್ಟೂ ಅಲುಗಲಿಲ್ಲ. ಹೊರಗೆ ಕಚ್ಚಾ ಎಣ್ಣೆ ಏರುತ್ತಿತ್ತು, ರೂಪಾಯಿ ಇಳಿಯುತ್ತಿತ್ತು. ಮೇ ೧೨ರಂದು ಕರ್ನಾಟಕದ ವಿಧಾನಸಭೆಗೆ ಮತದಾನವಾಯಿತು. ಮೇ ೧೪ರ ಬೆಳಗ್ಗೆ ಬೆಲೆಗೆ ಮತ್ತೆ ಚಲನೆ ಬಂದು, ಮುಂದೆ ಹದಿನಾರು ದಿನ ಬಿಡದೆ ಏರಿತು. ಜನರಿಗೆ ಗಾಬರಿಯಾಗದಿರಲೆಂದು ಬೆಲೆಯನ್ನು ತಡೆದುದಾಗಿ ಕಂಪನಿಗಳು ಹೇಳಿದವು. ಪಂಚಾಂಗವನ್ನು ಮುಂದಿಟ್ಟುಕೊಂಡವರಿಗೆ ಬೇರೆ ಅರ್ಥ ಹೊಳೆದಿದ್ದರೆ ಅವರನ್ನು ದೂರುವಂತಿಲ್ಲ. ೨೦೨೧ರ ನವೆಂಬರಿನಿಂದ ೧೩೭ ದಿನಗಳವರೆಗೆ ಇನ್ನೊಂದು ಮೌನ ನಡೆಯಿತು. ಉತ್ತರ ಪ್ರದೇಶ, ಪಂಜಾಬು ಮೊದಲಾದ ಐದು ರಾಜ್ಯಗಳ ಚುನಾವಣೆ ಮುಗಿದ ಮೇಲೆ ೨೦೨೨ರ ಮಾರ್ಚ್ ೨೨ರಿಂದ ಹದಿನಾರು ದಿನಗಳಲ್ಲಿ ಬೆಲೆ ಹತ್ತು ರೂಪಾಯಿ ಏರಿತು.

ಹೀಗೆ ತಡೆದ ಬೆಲೆಯ ಭಾರವನ್ನು ಯಾರಾದರೂ ಹೊರಲೇಬೇಕು. ೨೦೨೨ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಸರ್ಕಾರಿ ಒಡೆತನದ ಮೂರು ಎಣ್ಣೆ ಕಂಪನಿಗಳು ಒಟ್ಟಿಗೆ ೨೧ ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ನಷ್ಟ ತೋರಿಸಿದವು. ಮುಂದೆ ಎಣ್ಣೆ ಇಳಿದಾಗ ಬಂಕಿನ ಬೆಲೆ ಇಳಿಯಲಿಲ್ಲ; ೨೦೨೩-೨೪ರಲ್ಲಿ ಅವೇ ಕಂಪನಿಗಳ ಲಾಭ ಸುಮಾರು ೮೧ ಸಾವಿರ ಕೋಟಿಗೆ ಮುಟ್ಟಿತು. ಅಂದು ಸ್ಕೂಟರಿನವನಿಗೆ ಕೊಟ್ಟ ಸಾಲವನ್ನು ಅವನಿಗೆ ತಿಳಿಯದಂತೆಯೇ ಬಡ್ಡಿಸಹಿತ ವಸೂಲು ಮಾಡಿಕೊಂಡಂತಾಯಿತು.

ತೆರಿಗೆ ಕಳೆದು ಉಳಿಯುವ ಮೂಲಬೆಲೆಯಲ್ಲಿಯೂ ಒಂದು ವಿಚಿತ್ರವಿದೆ. ಬೆಂಗಳೂರಿಗೆ ಬರುವ ಪೆಟ್ರೋಲಿನ ಬಹುಭಾಗಕ್ಕೆ ಮಂಗಳೂರೇ ಮೂಲ. ಅಲ್ಲಿನ ಶುದ್ಧೀಕರಣ ಕೇಂದ್ರದಿಂದ ಹಾಸನದ ಮಾರ್ಗವಾಗಿ ಕೊಳವೆಯಲ್ಲಿ ಘಟ್ಟ ಹತ್ತಿ ಅದು ಬರುತ್ತದೆ. ಆದರೂ ಅದರ ಬೆಲೆಯನ್ನು ಕಟ್ಟುವುದು ಮಂಗಳೂರಿನ ಖರ್ಚಿನಿಂದಲ್ಲ. ೨೦೦೬ರಲ್ಲಿ ರಂಗರಾಜನ್ ಸಮಿತಿ ಸೂಚಿಸಿದ ಸೂತ್ರದಂತೆ, ಸಿದ್ಧ ಪೆಟ್ರೋಲು ಕೊಲ್ಲಿಯ ದೇಶಗಳಿಂದ ಹಡಗೇರಿ ಬಂದಿದ್ದರೆ ಆಗುತ್ತಿದ್ದ ಬೆಲೆ, ಸಾಗಣೆ, ವಿಮೆ, ಆಮದು ಸುಂಕ ಇವಕ್ಕೆ ನೂರಕ್ಕೆ ಎಂಬತ್ತು ಪಾಲು ತೂಕ. ಹೊರದೇಶಕ್ಕೆ ಮಾರಿದ್ದರೆ ಸಿಗುತ್ತಿದ್ದ ಬೆಲೆಗೆ ಇಪ್ಪತ್ತು ಪಾಲು. ಎಲ್ಲವೂ ಡಾಲರಿನ ಲೆಕ್ಕ. ಆದುದರಿಂದ ಎಣ್ಣೆ ಸ್ಥಿರವಾಗಿದ್ದರೂ ರೂಪಾಯಿ ಸೊರಗಿದರೆ ಬೆಲೆ ಏರಬೇಕಾಗುತ್ತದೆ. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರಗಿನಿಂದಲೇ ಬರುತ್ತಿರುವಾಗ ಈ ಗ್ರಹಚಾರ ತಪ್ಪಿದ್ದಲ್ಲ.

ಎರಡು ಬೊಕ್ಕಸಗಳ ಸ್ವಭಾವವೂ ಬೇರೆಬೇರೆ. ಕೇಂದ್ರದ ಸುಂಕ ಲೀಟರಿಗೆ ಇಷ್ಟೆಂದು ನಿಶ್ಚಿತ. ರಾಜ್ಯದ ಮಾರಾಟ ತೆರಿಗೆಯಾದರೋ ನೂರಕ್ಕೆ ಇಷ್ಟು ಎಂಬ ಲೆಕ್ಕ. ಬೆಲೆ ಏರಿದಂತೆ ಅದು ತಾನಾಗಿಯೇ ಉಬ್ಬುತ್ತದೆ, ಸುಂಕದ ಮೇಲೂ ತೆರಿಗೆ ಬೀಳುತ್ತದೆ. ರಾಜ್ಯಗಳ ದೂರೂ ಬರಿಯ ನೆಪವಲ್ಲ. ೨೦೨೨ರ ಮೇ ತಿಂಗಳ ನಂತರ ಪೆಟ್ರೋಲಿನ ಮೇಲೆ ಉಳಿದ ೧೯ ರೂಪಾಯಿ ೯೦ ಪೈಸೆ ಸುಂಕದಲ್ಲಿ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ಮೂಲ ಸುಂಕ ೧ ರೂಪಾಯಿ ೪೦ ಪೈಸೆ ಮಾತ್ರ. ಮಿಕ್ಕುದೆಲ್ಲ ಸೆಸ್ಸು, ವಿಶೇಷ ಸುಂಕ ಎಂಬ ಹೆಸರಿನಲ್ಲಿ ಕೇಂದ್ರದಲ್ಲಿಯೇ ಉಳಿಯುವಂಥದು. ತನ್ನ ಖರ್ಚಿಗೆ ತಾನೇ ದಾರಿ ಕಾಣಬೇಕಾದ ರಾಜ್ಯ ಮತ್ತೆ ಅದೇ ಬಂಕಿಗೆ ಬರುತ್ತದೆ. ಲೋಕಸಭೆಯ ಚುನಾವಣೆ ಮುಗಿದ ಕೆಲವೇ ದಿನಗಳಲ್ಲಿ, ೨೦೨೪ರ ಜೂನ್ ೧೫ರಂದು, ಕರ್ನಾಟಕವು ಪೆಟ್ರೋಲಿನ ತೆರಿಗೆಯನ್ನು ನೂರಕ್ಕೆ ೨೫.೯೨ರಿಂದ ೨೯.೮೪ಕ್ಕೆ ಏರಿಸಿತು, ಬೆಂಗಳೂರಿನಲ್ಲಿ ಲೀಟರಿಗೆ ಸುಮಾರು ೩ ರೂಪಾಯಿ ಹೆಚ್ಚಾಗಿ ಬೆಲೆ ನೂರನ್ನು ದಾಟಿತು. ಆಗ ಡೀಸೆಲಿಗೂ ಏರಿದ್ದ ತೆರಿಗೆ ೨೦೨೫ರ ಏಪ್ರಿಲ್ ೧ರಿಂದ ಮತ್ತೊಮ್ಮೆ ಏರಿತು.

ವಾಹನವಿಲ್ಲದವರು ಇದು ತಮ್ಮ ಮಾತಲ್ಲವೆಂದುಕೊಳ್ಳುವಂತಿಲ್ಲ. ಕೋಲಾರದ ಟೊಮೇಟೊ ಬೆಂಗಳೂರಿಗೆ ಬರುವುದು ಡೀಸೆಲಿನ ಮೇಲೆಯೇ. ರಾಜ್ಯದ ಸಾರಿಗೆ ನಿಗಮಗಳ ಬಸ್ಸಿನ ದರ ೨೦೨೫ರ ಜನವರಿ ೫ರಂದು ನೂರಕ್ಕೆ ಹದಿನೈದರಷ್ಟು ಏರಿದಾಗ ಹೇಳಿದ ಕಾರಣಗಳಲ್ಲಿ ಡೀಸೆಲಿನ ಬೆಲೆಯೂ ಒಂದು. ಲಾರಿಯ ಬಾಡಿಗೆ ಒಮ್ಮೆ ಏರಿದರೆ ಡೀಸೆಲು ಇಳಿದ ಮಾತ್ರಕ್ಕೆ ಅದು ಇಳಿಯುವುದು ಅಪರೂಪ. ತಿಂಗಳ ಸಂಬಳದಲ್ಲಿ ಮನೆ ತೂಗಿಸುವ ಗೃಹಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪೆಟ್ರೋಲನ್ನು ಇಡೀ ದೇಶಕ್ಕೆ ಒಂದೇ ಆದ ಜಿ.ಎಸ್.ಟಿ. ತೆರಿಗೆಯೊಳಗೆ ತಂದರೆ ಈ ಗೋಜಲು ಬಿಡಿಸಬಹುದೆಂಬ ಸಲಹೆ ಹಳೆಯದು. ೨೦೧೬ರ ಸಂವಿಧಾನ ತಿದ್ದುಪಡಿಯಲ್ಲಿಯೇ ಅದಕ್ಕೆ ಅವಕಾಶವಿದೆ. ಯಾವ ದಿನದಿಂದ ಎಂಬುದನ್ನು ಮಾತ್ರ ಜಿ.ಎಸ್.ಟಿ. ಮಂಡಳಿ ನಿರ್ಧರಿಸಬೇಕು. ಕೇರಳದ ಹೈಕೋರ್ಟಿನ ಸೂಚನೆಯಂತೆ ೨೦೨೧ರ ಸೆಪ್ಟೆಂಬರ್ ೧೭ರಂದು ಲಕ್ನೋದಲ್ಲಿ ಸೇರಿದ ಮಂಡಳಿಯ ಮುಂದೆ ಈ ಪ್ರಶ್ನೆ ಬಂದಿತು. ಬೇರೆ ವಿಷಯಗಳಲ್ಲಿ ಒಂದಾಗದ ಸರ್ಕಾರಗಳು ಇದರಲ್ಲಿ ಒಂದಾದವು: ಅದಕ್ಕೆ ಕಾಲ ಇನ್ನೂ ಬಂದಿಲ್ಲವೆಂದು ತೀರ್ಮಾನವಾಯಿತು.