ಗೋಲು ಬರೆಯೋ ಮೇಜು: ಅಮೆರಿಕದ ಕಾಲೇಜು ಹುಡುಗಿಯರ ಫುಟ್‌ಬಾಲ್‌ನಲ್ಲಿ ಮೂರು ದಿನ

ಈ ಸಲದ ಮಾತು ಫುಟ್‌ಬಾಲ್ ಬಗ್ಗೆ. ಗೋಲು ಹೊಡೆಯೋರ ವಿಷಯ ಸ್ವಲ್ಪ, ಅದನ್ನ ಬರೆದುಕೊಳ್ಳೋರ ವಿಷಯ ಜಾಸ್ತಿ.

2023ರ ಆಗಸ್ಟ್ ಕೊನೆಗೆ ಕಂಪನಿ ನನ್ನನ್ನ ಪುಣೆಯಿಂದ ನಾರ್ತ್ ಕೆರೊಲಿನಾಗೆ ಕಳಿಸಿತ್ತು. ನಮ್ಮ ಟೀಮ್ ನೋಡ್ಕೊಳ್ಳೋದು ಆಟದ ಅಂಕಿ-ಅಂಶ ದಾಖಲಿಸೋ ಸಾಫ್ಟ್‌ವೇರ್. ಅಲ್ಲಿನ ಒಂದು ಯೂನಿವರ್ಸಿಟಿ ನಾಲ್ಕು ಕಾಲೇಜುಗಳ ಹುಡುಗಿಯರ ಟೂರ್ನಮೆಂಟ್ ಇಟ್ಟುಕೊಂಡಿತ್ತು, ಶುಕ್ರವಾರ ಎರಡು ಮ್ಯಾಚು, ಭಾನುವಾರ ಎರಡು. ಸಾಫ್ಟ್‌ವೇರ್ ಹೇಗೆ ನಡೆಯತ್ತೆ ಅಂತ ಪಕ್ಕದಲ್ಲಿ ಕೂತು ನೋಡೋದು ನನ್ನ ಕೆಲಸ. ಆದರೆ ಇಂಥ ಕಡೆ ಕೈ ಕಟ್ಟಿ ಕೂತೋರನ್ನ ಯಾರೂ ಸುಮ್ಮನೆ ಬಿಡೋದಿಲ್ಲ. ನೀರಿನ ಕ್ಯಾನ್ ಹೊತ್ತೆ, ತಂಡದ ಪಟ್ಟಿ ಹಂಚಿದೆ, ಆಮೇಲೆ ಮೈದಾನ ನೋಡ್ತಾ ಜೆರ್ಸಿ ನಂಬರ್ ಕೂಗೋ ಕೆಲಸಕ್ಕೂ ಕೂತೆ.

ಮೊದಲು ಒಂದು ಹಿನ್ನೆಲೆ. ಅಮೆರಿಕದಲ್ಲಿ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎ. ಅದರ ಮೇಲ್ದರ್ಜೆಯಲ್ಲಿ, ಅಂದರೆ ಡಿವಿಷನ್ ಒಂದರಲ್ಲಿ, ಹುಡುಗಿಯರ ಸಾಕರ್ ತಂಡಗಳು ಮುನ್ನೂರಕ್ಕೂ ಹೆಚ್ಚು. ಹುಡುಗರದ್ದು ಇನ್ನೂರರ ಆಸುಪಾಸು. ಸ್ಕಾಲರ್‌ಶಿಪ್ಪೂ ಹಾಗೇ: ನಾನು ಹೋದಾಗಿನ ನಿಯಮದಲ್ಲಿ ಒಂದು ಹುಡುಗಿಯರ ತಂಡ 14 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣ ಹಂಚಬಹುದಿತ್ತು, ಹುಡುಗರ ತಂಡ 9.9ರಷ್ಟು ಮಾತ್ರ. ಯಾಕೆ ಉಲ್ಟಾ?

ಕಾರಣ 1972ರ ಒಂದು ಕಾನೂನು, ಟೈಟಲ್ ನೈನ್. ಕೇಂದ್ರ ಸರ್ಕಾರದ ದುಡ್ಡು ತಗೊಳ್ಳೋ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು-ಗಂಡು ಅಂತ ಭೇದ ಮಾಡಬಾರದು, ಇಷ್ಟೇ ಅದರ ಸಾರ. ಮೂಲ ವಾಕ್ಯ ಇಂಗ್ಲಿಷ್‌ನಲ್ಲಿ 37 ಪದ. ಅದರಲ್ಲಿ ಕ್ರೀಡೆ ಅನ್ನೋ ಮಾತೇ ಇಲ್ಲ! ಆದರೆ ಕಾಲೇಜುಗಳು ಲೆಕ್ಕ ಕೊಡಬೇಕಾಗಿ ಬಂತು. ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ಲ, ಆ ಅಮೆರಿಕನ್ ಫುಟ್‌ಬಾಲ್ ಒಂದೇ ಹುಡುಗರ ಕಡೆ 85 ಸ್ಕಾಲರ್‌ಶಿಪ್ ತಿನ್ನುತ್ತಿತ್ತು. ಹುಡುಗಿಯರ ಕಡೆ ಅಷ್ಟು ದೊಡ್ಡ ತಂಡ ಬೇಕಾಗೋ ಆಟ ಯಾವುದೂ ಇಲ್ಲ. ತಕ್ಕಡಿ ಸಮ ಮಾಡೋಕೆ ಸಾಕರ್‌ನಂಥ ಆಟಗಳು ಒದಗಿದವು. ಒಂದು ತಂಡದಲ್ಲಿ ಇಪ್ಪತ್ತೈದು-ಮೂವತ್ತು ಜನ ಹಿಡಿಸ್ತಾರೆ, ಖರ್ಚೂ ಹದವಾಗಿರತ್ತೆ.

ನಾರ್ತ್ ಕೆರೊಲಿನಾ ಈ ಆಟದ ತವರು ಅಂದರೂ ತಪ್ಪಿಲ್ಲ. ಎನ್‌ಸಿಎಎ ಹುಡುಗಿಯರ ಚಾಂಪಿಯನ್‌ಶಿಪ್ ಶುರುವಾದದ್ದು 1982ರಲ್ಲಿ. ಆ ವರ್ಷ ಗೆದ್ದದ್ದು ಚಾಪೆಲ್ ಹಿಲ್‌ನ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾ, 2012ರ ಹೊತ್ತಿಗೆ ಅದರ ಹತ್ತಿರ 21 ಟ್ರೋಫಿ ಇದ್ದವು. ಮಿಯಾ ಹ್ಯಾಮ್ ಓದಿದ್ದೂ ಆಡಿದ್ದೂ ಅಲ್ಲೇ. ಅಮೆರಿಕದ ಮಹಿಳೆಯರು ನಾಲ್ಕು ವಿಶ್ವಕಪ್ ಗೆದ್ದಿದ್ದಾರೆ, ಪುರುಷರು ಒಂದೂ ಇಲ್ಲ. ಇದರಲ್ಲಿ ಕಾಲೇಜು ಮೈದಾನಗಳ ಪಾಲು ದೊಡ್ಡದು.

ಈಗ ಮೇಜಿಗೆ ಬರೋಣ. ಮೈದಾನದ ಮಧ್ಯಗೆರೆಯ ನೇರಕ್ಕೆ, ಸ್ವಲ್ಪ ಎತ್ತರದಲ್ಲಿ ಗಾಜಿನ ಕೋಣೆ. ಅಲ್ಲಿ ಗಡಿಯಾರ ನಡೆಸೋರು ಒಬ್ಬರು, ಮೈಕ್‌ನಲ್ಲಿ ಘೋಷಣೆ ಮಾಡೋರು ಒಬ್ಬರು, ಅಂಕಿ-ಅಂಶಕ್ಕೆ ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಕಣ್ಣು ಮೈದಾನದಿಂದ ತೆಗೆಯದೇ "ಹನ್ನೊಂದು, ಶಾಟ್, ಹೊರಗೆ" ಅಂತ ಕೂಗ್ತಿರಬೇಕು, ಇನ್ನೊಬ್ಬರು ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೇ ಒತ್ತುತ್ತಿರಬೇಕು. ನೋಡೋನು ಬರೆಯಬಾರದು, ಬರೆಯೋನು ನೋಡಬಾರದು. ತೊಂಬತ್ತು ನಿಮಿಷ ಹಾಗೆ ಕೂತು ನೋಡಿ, ಪ್ರೊಡಕ್ಷನ್ ಡಿಪ್ಲಾಯ್‌ಮೆಂಟ್ ರಾತ್ರಿ ಎಷ್ಟೋ ವಾಸಿ ಅನ್ನಿಸತ್ತೆ.

ಅಲ್ಲಿ ಗಡಿಯಾರ ಹಿಂದಕ್ಕೆ ಓಡತ್ತೆ. ನಾವು ಟಿವಿಯಲ್ಲಿ ನೋಡೋ ಫುಟ್‌ಬಾಲ್‌ನಲ್ಲಿ ಸೊನ್ನೆಯಿಂದ 45ಕ್ಕೆ ಏರತ್ತೆ, ಆಮೇಲೆ ರೆಫ್ರಿ ಇಷ್ಟು ನಿಮಿಷ ಅಂತ ಸೇರಿಸ್ತಾರೆ. ಕಾಲೇಜು ಆಟದಲ್ಲಿ 45:00ರಿಂದ ಇಳಿಯತ್ತೆ, ಸೊನ್ನೆಗೆ ಬಂದ ತಕ್ಷಣ ಹಾರ್ನ್, ಆಟ ಮುಗೀತು. ಗೋಲಾದರೆ, ಕಾರ್ಡ್ ತೋರಿಸಿದರೆ, ಗಾಯವಾದರೆ ಗಡಿಯಾರ ನಿಲ್ಲಬೇಕು. ರೆಫ್ರಿ ತಲೆ ಮೇಲೆ ಮಣಿಕಟ್ಟು ಅಡ್ಡ ಹಿಡಿದರೆ ಅದೇ ಸನ್ನೆ. ಅಂದರೆ ಅಧಿಕೃತ ಸಮಯ ಇರೋದು ಗಾಜಿನ ಕೋಣೆಯಲ್ಲಿ ಬಟನ್ ಮೇಲೆ ಬೆರಳಿಟ್ಟು ಕೂತೋರ ಹತ್ತಿರ. ಕೊನೆಯ ಹತ್ತು ಸೆಕೆಂಡ್ ಮೈಕ್‌ನಲ್ಲಿ ಎಣಿಸ್ತಾರೆ, ರಾಕೆಟ್ ಬಿಡೋ ಹಾಗೆ. ನನಗೆ ಇದು ಫುಟ್‌ಬಾಲ್‌ಗೆ ಒಗ್ಗೋದಿಲ್ಲ ಅಂತಲೇ ಅನ್ನಿಸತ್ತೆ, ಆದರೆ ಸಮಯದ ಬಗ್ಗೆ ಜಗಳ ಇಲ್ಲ ಅನ್ನೋದು ನಿಜ. ದಾಖಲೆಯಲ್ಲಿ ಮಾತ್ರ ಕಳೆದ ಸಮಯ ಬರೀಬೇಕು. ಬೋರ್ಡ್ 32:15 ತೋರಿಸ್ತಿದ್ದಾಗ ಗೋಲಾದರೆ 12:45. ಈ ಕಳೆಯೋ ಲೆಕ್ಕವನ್ನ ಸಾಫ್ಟ್‌ವೇರ್ ಮಾಡತ್ತೆ.

ಅಂಕಿ-ಅಂಶದಲ್ಲಿ ನನಗೆ ಹಿಡಿಸಿದ್ದು ಒಂದು ಸಮೀಕರಣ. ಗುರಿಗೆ ಸರಿಯಾಗಿ ಹೋದ ಶಾಟ್‌ಗಳು ಅಂದರೆ ಗೋಲುಗಳು ಮತ್ತು ಎದುರಾಳಿ ತಡೆದವು, ಎರಡೂ ಕೂಡಿದ್ದು. ತಾಳೆ ಆಗಲೇಬೇಕು. ಕಂಬಕ್ಕೆ ಬಡಿದು ವಾಪಸ್ ಬಂದರೆ ಇಡೀ ಸ್ಟೇಡಿಯಂ "ಅಯ್ಯೋ" ಅನ್ನತ್ತೆ, ಆದರೆ ಅದು ಗುರಿಗೆ ಹೋದ ಶಾಟ್ ಅಲ್ಲ. ಗೋಲಿ ಸೋತ ಮೇಲೆ ಡಿಫೆಂಡರ್ ಗೆರೆ ಮೇಲಿಂದ ಒದ್ದು ತೆಗೆದರೆ ಅದು ಟೀಮ್ ಸೇವ್, ಗೋಲಿಯ ಖಾತೆಗೆ ಹೋಗೋದಿಲ್ಲ. ಗೋಲಿಗೆ ಎರಡು ಪಾಯಿಂಟ್, ಅಸಿಸ್ಟ್‌ಗೆ ಒಂದು, ಒಂದು ಗೋಲಿಗೆ ಇಬ್ಬರಿಗೆ ತನಕ ಅಸಿಸ್ಟ್ ಕೊಡಬಹುದು. ತಕರಾರು ಹುಟ್ಟೋದು ಈ ಎರಡನೇ ಅಸಿಸ್ಟ್‌ನಲ್ಲೇ.

ಶುಕ್ರವಾರದ ಮೊದಲ ಮ್ಯಾಚ್ ಅರ್ಧಕ್ಕೆ ನಿಂತಿತು. ಆ ಕಡೆ ಆಗಸ್ಟ್ ಅಂದರೆ ಸೆಕೆ, ಸಂಜೆ ಗುಡುಗು. ಸೈರನ್ ಆದ ತಕ್ಷಣ ಬೋರ್ಡ್ ನಿಲ್ಲಿಸಿ, ಇನ್ನೂ ಒಂದು ಹನಿ ಬಿದ್ದಿರಲಿಲ್ಲ, ಆಗಲೇ ಎಲ್ಲರನ್ನೂ ಒಳಗೆ ಕಳಿಸಿದರು. ಆಟಗಾರ್ತಿಯರು ಡ್ರೆಸ್ಸಿಂಗ್ ರೂಮಿಗೆ, ಅಪ್ಪ-ಅಮ್ಮಂದಿರು ತಮ್ಮ ಕಾರುಗಳಿಗೆ. ಕೊನೇ ಮಿಂಚು ಅಥವಾ ಗುಡುಗು ಆದ ಮೇಲೆ 30 ನಿಮಿಷ ಕಾಯಬೇಕು. ನಡುವೆ ಇನ್ನೊಂದು ಗುಡುಗಿದರೆ ಟೈಮರ್ ಮತ್ತೆ ಮೊದಲಿಂದ. ಇಪ್ಪತ್ತೇಳನೇ ನಿಮಿಷಕ್ಕೆ ದೂರದಲ್ಲೆಲ್ಲೋ ಗುಡುಗಿದಾಗ ನಮ್ಮ ಕೋಣೆಯಲ್ಲಿ ಎದ್ದ ನಿಟ್ಟುಸಿರು ನನಗಿನ್ನೂ ನೆನಪಿದೆ. ಕೋಚ್ ಇಬ್ಬರಿಗೂ ಆಟ ಮುಗಿಸೋ ಅವಸರ. ಯಾರ ಅವಸರಕ್ಕೂ ಟೈಮರ್ ಕಮ್ಮಿ ಆಗಲಿಲ್ಲ. ಸಿಡಿಲಿಗೆ ಹೊಲದಲ್ಲಿ ಜನ ಸಾಯೋ ಊರಿಂದ ಬಂದ ನನಗೆ, ಒಂದು ಹನಿ ಮಳೆ ಇಲ್ಲದೇ ಆಟ ನಿಲ್ಲಿಸಿದ ಈ ಶಿಸ್ತು ತುಂಬಾ ಇಷ್ಟವಾಯ್ತು.

ಇನ್ನೊಂದು ವಿಷಯ, ಹೆಸರು. ಮ್ಯಾಚ್‌ಗೆ ಒಂದು ಗಂಟೆ ಮುಂಚೆ ಮೈಕ್ ಹಿಡಿಯೋ ಹೆಂಗಸು ಎರಡೂ ತಂಡದವರ ಹತ್ತಿರ ಹೋಗಿ ಪ್ರತಿ ಹುಡುಗಿಯ ಹೆಸರು ಹೇಗೆ ಅನ್ನೋದು ಅಂತ ಕೇಳ್ಕೊಂಡು, ಪಟ್ಟಿಯಲ್ಲಿ ಗುರುತು ಹಾಕ್ಕೊಂಡು ಬಂದರು. ಬೆಂಚ್ ಮೇಲೇ ಕೂತಿರೋರದ್ದೂ ಸೇರಿ. ಉದ್ದ ಹೆಸರಿನ ಒಬ್ಬ ಹುಡುಗಿಯದ್ದನ್ನ ಕೋಣೆಯಲ್ಲಿ ಏಳೆಂಟು ಸಲ ಬಾಯಿಪಾಠ ಮಾಡಿದರು.

ಶನಿವಾರ ಬೆಳಿಗ್ಗೆ ಸೋತ ತಂಡದ ಕಡೆಯಿಂದ ಮೇಲ್ ಬಂತು: ನಮ್ಮ ಗೋಲಿಗೆ ಎರಡನೇ ಅಸಿಸ್ಟ್ ಇತ್ತು, ದಯವಿಟ್ಟು ವಿಡಿಯೋ ನೋಡಿ. 3-1ರಲ್ಲಿ ಸೋತ ಮ್ಯಾಚ್ ಅದು. ಆ ಪಾಸ್ ಕೊಟ್ಟವಳು ಮೊದಲ ವರ್ಷದ ಹುಡುಗಿ, ಬದಲಿಯಾಗಿ ಬಂದು ಸ್ವಲ್ಪ ಹೊತ್ತು ಆಡಿದ್ದವಳು. ಮೂರು ಜನ ಕೂತು ಅದೇ ಒಂಬತ್ತು ಸೆಕೆಂಡ್ ತಿರುಗಿ ತಿರುಗಿ ನೋಡಿ ಕೊಟ್ಟರು. ಅವಳ ಸಾಲಿನಲ್ಲಿ ಸೊನ್ನೆ ಹೋಗಿ ಒಂದು ಬಂತು. ಮುಂದೆ ಪ್ರಶಸ್ತಿಗೆ ಹೆಸರು ಸೂಚಿಸೋರು, ಬೇರೆ ಕಾಲೇಜಿಗೆ ಹೋದರೆ ಅಲ್ಲಿನ ಕೋಚ್, ಎಲ್ಲರೂ ಮೊದಲು ನೋಡೋದು ಆ ಸಾಲು.

ಇದನ್ನ ನೋಡ್ತಾ ನನಗೆ ನೆನಪಾದವಳು ನಮ್ಮ ಚಿಕ್ಕಪ್ಪನ ಮಗಳು. ಅವಳೂ ತನ್ನ ಯೂನಿವರ್ಸಿಟಿಗೆ ಫುಟ್‌ಬಾಲ್ ಆಡಿದ್ದಾಳೆ, ಲೆಫ್ಟ್ ಬ್ಯಾಕ್. ವಾಪಸ್ ಬಂದು ಕೇಳಿದೆ. "ಎಷ್ಟು ಮ್ಯಾಚ್ ಆಡಿದೀನಿ ಅಂತ ನಂಗೇ ಲೆಕ್ಕ ಇಲ್ಲ ಅಣ್ಣ, ಸರ್ಟಿಫಿಕೇಟ್ ಒಂದಿದೆ" ಅಂದಳು. ಲ್ಯಾಮಿನೇಟ್ ಮಾಡಿಸಿಟ್ಟಿದ್ದಾಳೆ. ಆ ಒಂದು ಹಾಳೆಗೇ ನಮ್ಮಲ್ಲಿ ಬೆಲೆ ಇದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಕೆಲಸಕ್ಕೆ, ಅಂತರ ವಿಶ್ವವಿದ್ಯಾಲಯ ಟೂರ್ನಮೆಂಟ್ ಆಡಿದವರು ಫಾರ್ಮ್-3 ಅನ್ನೋ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಎಷ್ಟು ನಿಮಿಷ ಆಡಿದಳು, ಎಷ್ಟು ಪಾಸ್ ಕೊಟ್ಟಳು, ಅದೇನೂ ಅಲ್ಲಿ ಬರೋದಿಲ್ಲ. ಆಡಿದಳು ಅನ್ನೋದಷ್ಟೇ. ಆದ್ದರಿಂದ ಹೆಸರು ತಪ್ಪಾದರೆ ಆಧಾರಕ್ಕೆ ಬೇರೆ ಏನೂ ಉಳಿಯೋದಿಲ್ಲ.

ಪುಣೆ, ಮುಂಬೈ ಕಡೆ ಇರೋ ನಮ್ಮವರಿಗೆ ಇದರಲ್ಲಿ ಒಂದು ಹೆಚ್ಚಿನ ತಲೆನೋವು ಇದೆ. ಇಲ್ಲಿನ ಫಾರ್ಮ್‌ಗಳಲ್ಲಿ ಮೊದಲು ಸರ್‌ನೇಮ್, ಆಮೇಲೆ ಹೆಸರು, ಆಮೇಲೆ ಅಪ್ಪನ ಹೆಸರು. ನಮ್ಮ ಮಕ್ಕಳಿಗೆ ಇರೋದು ಹೆಚ್.ಎಸ್. ಅಂತ ಇನಿಶಿಯಲ್. ಕಾಲೇಜಿನವರು ಅದನ್ನ ಒಂದೊಂದು ಪಟ್ಟಿಯಲ್ಲಿ ಒಂದೊಂದು ಥರ ಬಿಡಿಸಿ ಬರೀತಾರೆ. ಮಗಳು ಕಾಲೇಜು ತಂಡದಲ್ಲಿದ್ದರೆ, ಟೂರ್ನಮೆಂಟ್‌ಗೆ ಹೆಸರು ಕಳಿಸೋ ಮೊದಲೇ ಕ್ರೀಡಾ ವಿಭಾಗಕ್ಕೆ ಹೋಗಿ, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೇ ಬರೆದಿದ್ದಾರಾ ನೋಡಿ. ಮ್ಯಾಚ್ ಮುಗಿದ ಮೇಲೆ ಮ್ಯಾನೇಜರ್ ಹತ್ತಿರ ತಂಡದ ಪಟ್ಟಿ ಕೇಳಿ, ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ.